ನಮ್ಮ ನಡುಮನೆಯ ಸಾವಿನ ಸೀನು

ಗಂಡಸರ ತುಂಬುತೋಳಿನ ಬಿಳಿ ಶರ್ಟು ಹಾಕಿ, ಅದರ ಮೇಲೆ ಕೈಮಗ್ಗದ ಸೀರೆ ಉಟ್ಟು ನಾನು ಮೊದಲ ಸಲ ಕಾಲೇಜಿಗೆ ಹೋದ ದಿನ, ಸ್ಟಾಫ್ ರೂಮಿನಲ್ಲಿ ಒಬ್ಬರು ಬಹಳ ಕಾಳಜಿಯಿಂದ, ಬ್ಲೌಸು ಒಣಗಿರಲಿಲ್ಲವೇ ಎಂದು ಕೇಳಿದರು. ನಾನು ಪಿಯು ಮಕ್ಕಳಿಗೆ ವಾಣಿಜ್ಯಶಾಸ್ತ್ರ ಹೇಳಿಕೊಡುವವಳು. ಡೆಬಿಟ್ಟು, ಕ್ರೆಡಿಟ್ಟು ಹೇಳುವ ಹೆಂಗಸಿಗೆ ಇಂಥ ಹುಚ್ಚು ಇರಬಾರದು ಎಂದು ಆ ರೂಮಿನಲ್ಲಿ ಎಲ್ಲರಿಗೂ ಅನ್ನಿಸಿದ್ದು ನನಗೆ ಕಾಣಿಸುತ್ತಿತ್ತು. ಇದು ಇಂಥ ನಿರ್ದೇಶಕಿಯ ಸಿನಿಮಾದಲ್ಲಿ ನಾಯಕಿ ಉಡುವ ರೀತಿ ಎಂದು ವಿವರಿಸಿದೆ. ಅವರು ಆ ಸಿನಿಮಾ ನೋಡಿರಲಿಲ್ಲ. ನಮ್ಮ ಕಡೆ ಯಾರೂ ನೋಡಿರುವುದಿಲ್ಲ.

ಆ ನಿರ್ದೇಶಕಿಯ ಸಿನಿಮಾಗಳು ಮೈಸೂರಿಗೆ ಬಂದರೆ ಒಂದು ವಾರ, ಅದೂ ಬೆಳಗಿನ ಆಟ. ನೋಡಿದವರೂ ಹೊರಬಂದು, ಅದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ ಎನ್ನುತ್ತಾರೆ. ಆ ಮಾತಿಗೆ ನಾನು ಸ್ವಂತ ತಮ್ಮನ ಜೊತೆ ಮದುವೆ ಊಟದ ಪಂಕ್ತಿಯಲ್ಲಿ ಜಗಳ ಆಡಿದ್ದೇನೆ. ಅವರ ಸಿನಿಮಾದ ಮನೆಗಳಿಗೆ ಕೆಂಪು ನೆಲ, ಕಿಟಕಿಗೆ ಅರ್ಧ ಪರದೆ, ಮಧ್ಯಾಹ್ನದ ಬಿಸಿಲು. ಆ ಬಿಸಿಲಲ್ಲಿ ಒಬ್ಬಳು ಹೆಂಗಸು ಕೂತು ಕಿತ್ತಳೆ ಹಣ್ಣು ಬಿಡಿಸುತ್ತಿರುತ್ತಾಳೆ, ಯಾರೂ ಅವಳನ್ನು ಎದ್ದು ಬಾ ಎಂದು ಕರೆಯುವುದಿಲ್ಲ. ಮದುವೆಯಾಗಿ ತುಂಬಿದ ಮನೆಗೆ ಬಂದ ಹೊಸತರಲ್ಲಿ ನಾನು ಅದನ್ನು ನೋಡಿ ಕತ್ತಲಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಹಾಗೆ ಸುಮ್ಮನೆ ಕೂರುವುದು ಒಂದು ಅಂದದ ಸಂಗತಿ ಎಂದು ನನಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ಅವತ್ತಿನಿಂದ ನಾನು ಅವರ ಕಡೆಯವಳು. ನನ್ನ ಗಂಡ ಅವರನ್ನು ನಿನ್ನ ಕುಲದೇವತೆ ಎಂದೇ ಕರೆಯುತ್ತಾರೆ. ಹೊಸ ಸಿನಿಮಾ ಬಂದರೆ, ಕುಲದೇವತೆಗೆ ಯಾವಾಗ ಹೋಗೋದು ಎಂದು ಕೇಳಿ, ಪಾಪ, ಬಂದು ನಿದ್ದೆಯನ್ನೂ ಮಾಡುತ್ತಾರೆ.

ನಮ್ಮ ಮನೆ ಮೈಸೂರಿನ ಅಂಚಿನ ಬೋಗಾದಿಯಲ್ಲಿ. ಅದು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ನಮ್ಮ ಮಾವ ಕಟ್ಟಿಸಿದ್ದು. ಈಗ ಸುತ್ತ ಎಲ್ಲ ಬಾಡಿಗೆ ಮನೆಗಳು, ಪಿಜಿಗಳು, ಬೀದಿಯಲ್ಲಿ ಯಾವಾಗಲೂ ಒಂದು ಜಲ್ಲಿ ರಾಶಿ. ನಮ್ಮದೊಂದೇ ಜಗಲಿ, ಕೆಂಪು ನೆಲ ಇಟ್ಟುಕೊಂಡು ಕೂತಿದೆ. ಟೈಲ್ಸ್ ಹಾಕಿಸೋಣ ಎಂದು ನನ್ನ ಗಂಡ ಎಷ್ಟು ಸಲ ಹೇಳಿದರೂ ನಾನು ಅಡ್ಡ ಬಿದ್ದು ತಡೆದಿದ್ದೆ. ಮಾವ ಹಾಕಿಸಿದ ನೆಲದ ಮೇಲೆ ಸೊಸೆಗೆ ಎಷ್ಟು ಗೌರವ ಎಂದು ನೆಂಟರು ಹೊಗಳುತ್ತಿದ್ದರು. ನಾನು ಹೊಗಳಿಸಿಕೊಂಡು ಸುಮ್ಮನಿರುತ್ತಿದ್ದೆ.

ಹೋದ ವರ್ಷ ಅತ್ತೆಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿ, ಗಾಬರಿಯಾಗುವಂಥದ್ದೇನೂ ನಡೆಯದಂತೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಅತ್ತೆ ಮನೆಗೆ ಬಂದರು, ಆದರೆ ಪೂರ್ತಿ ಬರಲಿಲ್ಲ. ನಡುಮನೆಗೆ ಅಂಟಿಕೊಂಡಿರುವ ತಮ್ಮ ರೂಮಿನಲ್ಲಿ ಸೂರು ನೋಡುತ್ತಾ ಮಲಗಿರುತ್ತಿದ್ದರು. ನಮ್ಮತ್ತೆ ಅಂದರೆ ಬಾಯಿ. ಬೀದಿಯಲ್ಲಿ ತರಕಾರಿ ಗಾಡಿಯವನಿಗೂ ಕೆಲಸ ಹೇಳುವ ಬಾಯಿ. ಆ ಬಾಯಿ ಮುಚ್ಚಿಹೋಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದರು. ಅವರು ಬೈದಾಗ ಎಷ್ಟು ಸಲ ಒಳಗೊಳಗೇ ಶಾಪ ಹಾಕಿದ್ದೆನೋ, ಈಗ ಒಂದು ಸಲ ಬೈಯಲಿ ಎಂದು ಬೇಕಂತಲೇ ಒಗ್ಗರಣೆ ಸೀಯಿಸಿದ್ದೂ ಉಂಟು. ಅದಕ್ಕೂ ಅವರು ಏನೂ ಅನ್ನಲಿಲ್ಲ. ನನಗೆ ನಿಜವಾದ ಹೆದರಿಕೆ ಶುರುವಾದದ್ದು ಆಗಲೇ.

ಇಂಥ ಹೊತ್ತಿನಲ್ಲಿ ಸಿನಿಮಾ ಕಂಪನಿಯ ಮ್ಯಾನೇಜರು ನಮ್ಮ ಜಗಲಿ ಹತ್ತಿ ಬಂದರು. ಶೂಟಿಂಗಿಗೆ ಕೆಂಪು ನೆಲದ ಮನೆ ಹುಡುಕುತ್ತಿದ್ದರಂತೆ. ಯಾರ ಸಿನಿಮಾ ಎಂದು ಕೇಳಿದೆ. ಅವರು ಹೇಳಿದ ಹೆಸರು ಕೇಳಿ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಒಂದೇ ದಿನ, ಒಂದು ಫ್ಯಾಮಿಲಿ ಸೀನು, ಗಲಾಟೆ ಇರುವುದಿಲ್ಲ ಎಂದರು. ಯಾವ ಸೀನು ಅಂತ ಸರಿಯಾಗಿ ಕೇಳು ಎಂದು ನನ್ನ ಗಂಡ ಹೇಳಿದ್ದು ನಿಜ. ಅವರ ಸಿನಿಮಾದಲ್ಲಿ ಎಲ್ಲ ಸೀನೂ ಒಂದೇ, ಜನ ಸುಮ್ಮನೆ ಕೂತಿರುತ್ತಾರೆ, ಅದರಲ್ಲಿ ಕೇಳುವುದೇನು ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಅತ್ತೆಯೂ, ಮಾಡ್ಕಳ್ಲಿ ಬುಡು ಎಂದರು. ಆ ತಿಂಗಳಲ್ಲಿ ಅವರು ಆಡಿದ ಉದ್ದದ ಮಾತು ಅದೇ ಇರಬೇಕು.

ಶೂಟಿಂಗಿನ ದಿನ ಬೆಳಗ್ಗೆ ಕಲಾ ವಿಭಾಗದವರು ಬಂದು ಫ್ರಿಜ್ಜನ್ನು ಹಿತ್ತಲಿಗೆ ಸಾಗಿಸಿದರು. ಟಿವಿ, ಕ್ಯಾಲೆಂಡರು, ನನ್ನ ಮಗಳ ಬಹುಮಾನದ ಕಪ್ಪುಗಳು ಎಲ್ಲ ಮಂಚದ ಕೆಳಗೆ ಹೋದವು. ಕಿಟಕಿಗೆ ಅರ್ಧ ಪರದೆ ಕಟ್ಟಿದರು. ಹೊರಗೆ ಒಂದು ದೊಡ್ಡ ಬಿಳಿ ಬಟ್ಟೆ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದಾಗ ನಮ್ಮ ನಡುಮನೆಯ ನೆಲ ಹೊಳೆಯಿತು, ನಾನು ನಿಂತಲ್ಲೇ ನಿಂತೆ. ಇಷ್ಟು ವರ್ಷ ತೆರೆಯ ಆ ಕಡೆ ಇದ್ದ ಮನೆಯೊಳಗೆ, ನೈಟಿಯ ಮೇಲೊಂದು ಟವೆಲು ಹಾಕಿಕೊಂಡು ನಾನು ನಿಂತಿದ್ದೆ. ಓಡಿಹೋಗಿ ಬಿಳಿ ಶರ್ಟು ಹಾಕಿ ಸೀರೆ ಉಟ್ಟುಕೊಂಡು ಬಂದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ ಎಂದರೆ ಯಾರೂ ತಪ್ಪು ತಿಳಿಯಬಾರದು.

ಬರುವಷ್ಟರಲ್ಲಿ ಟೆಂಪೋದಿಂದ ಹಸಿ ಬಿದಿರು ಇಳಿಸುತ್ತಿದ್ದರು. ಅದರ ಹಿಂದೆ ಒಂದು ಹೊಸ ಮಡಕೆ. ಆಮೇಲೆ ಒಂದು ಚೀಲ ಚೆಂಡುಹೂವು. ನಮ್ಮ ಕಡೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಟ್ಟ ಕಟ್ಟುವ ಸಾಮಾನು ಅದು. ಮ್ಯಾನೇಜರನ್ನು ಹಿಡಿದು ಕೇಳಿದೆ. ಅಜ್ಜಿ ತೀರಿಕೊಂಡಿರುವ ಸೀನು ಮೇಡಂ, ಫ್ಯಾಮಿಲಿಯವರೆಲ್ಲ ಇರುತ್ತಾರೆ ಎಂದು ಅವರು ಏನೂ ಆಗದವರಂತೆ ಹೇಳಿದರು. ನಡುಮನೆಯಲ್ಲಿ ಚಾಪೆ ಹಾಸಿ, ತಲೆದೆಸೆಯಲ್ಲಿ ದೀಪ ಇಟ್ಟಾಗಿತ್ತು. ಅಜ್ಜಿಯಾಗಬೇಕಿದ್ದ ನಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮುಖಕ್ಕೆ ಬಿಳಿಚಿದ ಬಣ್ಣ ಬಳಿಸಿಕೊಳ್ಳುತ್ತಿದ್ದರು. ಅತ್ತೆಯದೇ ವಯಸ್ಸು, ಅತ್ತೆಯ ಹಾಗೇ ನರೆತ ಸಣ್ಣ ತುರುಬು. ಚಾಪೆಯ ಆ ಕಡೆ, ಕೈಯಳತೆಯ ದೂರದಲ್ಲಿ, ಅತ್ತೆಯ ರೂಮಿನ ಮುಚ್ಚಿದ ಬಾಗಿಲು.

ನಾನು ಶಕುನ ಅಪಶಕುನ ನಂಬುವವಳಲ್ಲ ಎಂದು ಕ್ಲಾಸಿನಲ್ಲಿ ಭಾಷಣ ಬಿಗಿದಿದ್ದೇನೆ. ಆದರೆ ಆ ಬಾಗಿಲು ತೆರೆದು, ಆಸ್ಪತ್ರೆಯಿಂದ ಈಚೆಗೆ ಬಂದ ಜೀವ ಒಂದು, ತನ್ನಂಥ ಮುದುಕಿಯೊಬ್ಬಳು ತನ್ನದೇ ನಡುಮನೆಯಲ್ಲಿ ದೀಪ ಇಟ್ಟು ಮಲಗಿರುವುದನ್ನು ನೋಡಿದರೆ ಏನಾಗಬಹುದು ಎಂದು ಯೋಚಿಸಲೂ ಆಗಲಿಲ್ಲ. ಗಂಡನಿಗೆ ಫೋನು ಮಾಡಿದೆ. ನಿನ್ನ ಕುಲದೇವತೆ, ನೀನೇ ಮಾತಾಡು, ನಾನು ಹೊರಟೆ, ಬರ್ತಾ ಇದೀನಿ ಎಂದರು.

ನಿರ್ದೇಶಕಿ ಜಗಲಿಯ ಮೇಲೆ ಕೂತಿದ್ದರು. ಅವರೂ ಬಿಳಿ ಶರ್ಟಿನ ಮೇಲೆ ಸೀರೆ ಉಟ್ಟಿದ್ದರು, ಅದರ ಮಡಿಕೆ ಒಂದೂ ಕೆಟ್ಟಿರಲಿಲ್ಲ. ಅವರು ಎದುರಿಗೆ ಸಿಕ್ಕರೆ ಏನು ಹೇಳಬೇಕು ಎಂದು ನಾನು ಬಟ್ಟೆ ಒಗೆಯುವಾಗ, ಬಸ್ಸು ಕಾಯುವಾಗ ಎಷ್ಟು ಸಲ ಹೇಳಿಕೊಂಡು ಕಲಿತಿದ್ದೆ. ಯಾವ ಸಿನಿಮಾದ ಯಾವ ಕಿಟಕಿ, ಯಾವ ಮೌನ, ಎಲ್ಲ ಸಾಲಾಗಿ ಇತ್ತು. ಒಂದೂ ಬಾಯಿಗೆ ಬರಲಿಲ್ಲ.

"ಮೇಡಂ, ಈ ಸಾವು ನಮ್ಮ ಮನೇಲಿ ಬೇಡ," ಎಂದೆ.

ಅವರು ತಲೆ ಎತ್ತಿ ನೋಡಿದರು. ಅತ್ತೆಯ ವಿಷಯ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ನಂತರ ಎದ್ದು ಒಳಗಿನ ಬಿಸಿಲನ್ನು ಒಂದು ಕ್ಷಣ ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು. ಆ ಬಿಸಿಲು ಅವರಿಗೆ ಎಷ್ಟು ಬೇಕಿತ್ತು ಎಂಬುದು ಅಲ್ಲಿದ್ದ ಎಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಮ್ಯಾನೇಜರನ್ನು ಕರೆದು, ಇವರಿಗೆ ಮೊದಲೇ ಹೇಳಬೇಕಿತ್ತು, ಎಲ್ಲ ಎತ್ತಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಒಂದು ಕಣ್ಣಲ್ಲಿ ನೆಮ್ಮದಿ, ಇನ್ನೊಂದು ಕಣ್ಣಲ್ಲಿ ಅಳು. ಲೈಟುಗಳನ್ನು ಬಿಚ್ಚುವ ಸದ್ದು ಶುರುವಾಯಿತು.

ಆ ಸದ್ದಿಗೇ ಇರಬೇಕು, ಅತ್ತೆಯ ಬಾಗಿಲು ತೆರೆಯಿತು. ನಾನು ಓಡಿ ಅಡ್ಡ ನಿಂತೆ. ಅತ್ತೆ ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ, ಚಾಪೆ ನೋಡಿದರು, ದೀಪ ನೋಡಿದರು, ಕುರ್ಚಿಯಲ್ಲಿದ್ದ ನಟಿಯ ಬಿಳಿಚಿದ ಮುಖ ನೋಡಿದರು. ಹೊರಗೆ ನಾವು ಆಡಿದ ಮಾತೆಲ್ಲ ಒಳಗೆ ಕೇಳಿಸಿತ್ತು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಯಾಕವ್ವ ಎಲ್ಲಾನೂ ಎತ್ತುಸ್ತಾ ಇದೀಯ? ನಾನೇ ಯಮನ ಬಾಗ್ಲು ಮುಟ್ಟಿ ವಾಪಸ್ ಬಂದೋಳು, ಇದ್ಕೆ ಹೆದ್ರುಕೊತೀನಾ? ಆವಮ್ಮ ಮಲೀಕ್ಕೊಳ್ಲಿ ಬುಡು," ಎಂದು ನನಗೆ ಹೇಳಿದರು. ಮತ್ತೆ ನಿರ್ದೇಶಕಿಯ ಕಡೆ ತಿರುಗಿ, "ಆದ್ರೆ ಒಂದು ಮಾತು ಕಣವ್ವ. ಸತ್ತಂಗೇ ಈ ಮನೆ ಬುಟ್ಟು ಹೋಗ್ಬಾರ್ದು. ಇಲ್ಲೇ ಎದ್ದು ಕೂತ್ಕೊಂಡು ಹೋಗ್ಬೇಕು," ಎಂದರು.

ನಿರ್ದೇಶಕಿ ಅತ್ತೆಯ ಹತ್ತಿರ ಬಂದು, ಎರಡೂ ಕೈ ಹಿಡಿದುಕೊಂಡರು. "ನಮ್ಮಲ್ಲೂ ಅದೇ ಪದ್ಧತಿ ಅಮ್ಮ. ಸತ್ತ ಸೀನು ಮಾಡಿದವರು ಎದ್ದು ನಗಬೇಕು, ಆ ನಗುವನ್ನೂ ಕ್ಯಾಮೆರಾದಲ್ಲಿ ತೆಗೆದೇ ಮುಂದಿನ ಕೆಲಸ. ನಾನು ದೇವರನ್ನೇ ಅಷ್ಟಾಗಿ ನಂಬೋಳಲ್ಲ. ಆದ್ರೆ ಇದನ್ನ ಮಾತ್ರ ಇವತ್ತಿನವರೆಗೂ ಬಿಟ್ಟಿಲ್ಲ."

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವರ ಸಿನಿಮಾಗಳಲ್ಲಿ ಯಾರೂ ದೃಷ್ಟಿ ತೆಗೆಯುವುದಿಲ್ಲ, ತೆಂಗಿನಕಾಯಿ ಒಡೆಯುವುದಿಲ್ಲ, ಯಾರೂ ಯಾವುದಕ್ಕೂ ಹೆದರುವುದೇ ಇಲ್ಲ. ಆ ಧೈರ್ಯವನ್ನು ಪೂಜಿಸಿದವಳು ನಾನು. ಈಗ ಅವರೂ ಸಾವಿಗೆ ಹೆದರುವ ನಮ್ಮಂಥ ಮನುಷ್ಯರೇ ಎಂದು ತಿಳಿದಾಗ ಬೇಸರವಾಗಬೇಕಿತ್ತು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಬಿಚ್ಚಿದ ಲೈಟುಗಳನ್ನು ಮತ್ತೆ ಕಟ್ಟಿದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕ್ಯಾಮೆರಾದ ಪಕ್ಕದಲ್ಲೇ ಕೂತರು. ಶಾಟಿನ ಮೇಲೆ ಶಾಟು ಆಯಿತು. ಇಷ್ಟೊತ್ತು ಉಸಿರು ಕಟ್ಟಿಸಿ ಮಲಗಿಸಿದರೆ ಆವಮ್ಮ ನಿಜವಾಗಲೂ ಹೋಗಿಬಿಡುತ್ತಾಳೆ ಎಂದು ಅತ್ತೆ ಗೊಣಗಿದರು. ಬೀದಿ ಬಾಗಿಲು ತೆಗೆದಿಟ್ಟವರಿಗೆ ಧೂಳು ಬರುತ್ತೆ ಮುಚ್ಚಿ ಎಂದರು. ನನ್ನ ಕಡೆ ತಿರುಗಿ, ಬಂದವರಿಗೆ ನೀರು ಕೊಟ್ಟೆಯೋ ಇಲ್ಲ ಈ ಶರ್ಟು ಹಾಕ್ಕೊಂಡು ಸುಮ್ನೆ ನಿಂತಿದ್ದೀಯೋ ಎಂದು ಬೈದರು. ಎಷ್ಟು ದಿನದ ಮೇಲೆ ಬೈದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನೀರಿನ ತಂಬಿಗೆ ತಂದೆ.

ಕೊನೆಗೆ ನಗುವ ಶಾಟು. ನಟಿ ಎದ್ದು ಕೂತರು, ಆದರೆ ಅಷ್ಟು ಹೊತ್ತು ಹೆಣವಾಗಿದ್ದವರಿಗೆ ನಗು ಎಲ್ಲಿಂದ ಬರಬೇಕು. ಹಲ್ಲು ಮಾತ್ರ ಕಾಣಿಸಿತು. ಇದು ಸಾಲದು ಎಂದು ನಿರ್ದೇಶಕಿ ತಲೆ ಅಲ್ಲಾಡಿಸಿದರು. ಆಗ ಅತ್ತೆ, ಸೊಸೆಯ ಪಾರ್ಟು ಮಾಡಿದವಳ ಕಡೆ ಕೈ ತೋರಿಸಿ, "ನಿನ್ನ ಸೊಸೆ ಅಳ್ತಾವ್ಳಲ್ಲ, ಒಂದು ತೊಟ್ಟು ಕಣ್ಣೀರೂ ಬರ್ನಿಲ್ಲ ನೋಡವ್ವ," ಎಂದರು. ನಟಿಗೆ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು, ಚೆಂಡುಹೂವಿನ ಹಾರ ಕೊರಳಲ್ಲಿ ಕುಣಿಯುವ ಹಾಗೆ ನಕ್ಕರು. ಇಡೀ ಯೂನಿಟ್ಟು ನಕ್ಕಿತು. ಆಗತಾನೇ ಓಡಿಬಂದ ನನ್ನ ಗಂಡ ಬಾಗಿಲಲ್ಲಿ ನಿಂತು, ಚಟ್ಟದ ಪಕ್ಕದಲ್ಲಿ ತಮ್ಮ ತಾಯಿಯೂ ಹೆಣವೂ ಸೇರಿ ನಗುತ್ತಿರುವುದನ್ನು ನೋಡಿ ಸುಸ್ತಾಗಿ ಜಗಲಿಯ ಮೇಲೆ ಕೂತುಬಿಟ್ಟರು.

ಇಷ್ಟಾದರೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಅಳುಕು ಉಳಿದೇ ಇತ್ತು. ಸಿನಿಮಾ ಬಿಡುಗಡೆಯಾಗುವವರೆಗೂ ಅತ್ತೆ ಕೆಮ್ಮಿದರೆ ನಾನು ಎದ್ದು ಹೋಗಿ ನೋಡುತ್ತಿದ್ದೆ. ನೆಲದ ಆ ಜಾಗವನ್ನು ಗುಡಿಸುವಾಗ ಕೈ ತಡೆಯುತ್ತಿತ್ತು. ಅತ್ತೆ ಮಾತ್ರ ದಿನದಿನಕ್ಕೆ ಮೊದಲಿನಂತಾದರು. ತಪಾಸಣೆಗೆ ಕರೆದುಕೊಂಡು ಹೋದಾಗ ಎಲ್ಲ ಸರಿಯಾಗಿದೆ ಎಂದ ಡಾಕ್ಟರಿಗೇ, ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ಅನ್ಸುತ್ತೆ ಎಂದು ಬುದ್ಧಿ ಹೇಳಿ ಬಂದರು.

ಸಿನಿಮಾ ಬಂತು, ಎಂದಿನಂತೆ ಬೆಳಗಿನ ಆಟ. ಅತ್ತೆ ತಾವೂ ಬರುತ್ತೇನೆಂದು ರೇಷ್ಮೆ ಸೀರೆ ಉಟ್ಟು ಹೊರಟರು. ನನ್ನ ಪಕ್ಕದಲ್ಲಿ ಅತ್ತೆ, ಅವರ ಆ ಪಕ್ಕದಲ್ಲಿ ಗುರುತಿಲ್ಲದ ಒಬ್ಬಳು ಹುಡುಗಿ, ಯಾವುದೋ ಕಾಲೇಜಿನವಳು. ಅವಳೂ ಬಿಳಿ ಶರ್ಟಿನ ಮೇಲೆ ಸೀರೆ ಉಟ್ಟಿದ್ದಳು. ನಮ್ಮ ನಡುಮನೆ ತೆರೆಯ ಮೇಲೆ ಬಂತು. ಕೆಂಪು ನೆಲ, ಆ ಬಿಸಿಲು, ದೀಪ, ಚಾಪೆಯ ಮೇಲೆ ಅಲುಗಾಡದ ಮುಖ. ಆ ಹುಡುಗಿ ಸಣ್ಣಗೆ ಬಿಕ್ಕತೊಡಗಿದಳು. ಅತ್ತೆ ಅವಳ ಕಡೆ ಬಾಗಿ, ಕೈಮೇಲೆ ಕೈ ಇಟ್ಟರು.

"ಅಳ್ಬೇಡ ಕಣವ್ವ. ಆವಮ್ಮ ಆಮೇಲೆ ಎದ್ದು, ನಮ್ಮನೇಲೇ ಎರಡು ಲೋಟ ಕಾಫಿ ಕುಡ್ದು ಹೋದ್ಳು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕಣ್ಣೊರೆಸಿಕೊಳ್ಳುತ್ತಾ ಅತ್ತೆಯನ್ನು ನೋಡಿದಳು, ಅವಳಿಗೂ ನಗು ಬಂತು. ನಾನು ಕಾಯುತ್ತಾ ಕೂತಿದ್ದ ಆ ಸೀನು ಹೇಗೆ ಮುಗಿಯಿತೋ ನನಗೆ ಗೊತ್ತಿಲ್ಲ. ತೆರೆಯ ಬೆಳಕಿನಲ್ಲಿ ನಾನು ಅತ್ತೆಯನ್ನೇ ನೋಡುತ್ತಿದ್ದೆ.