ಡ್ರಿಲ್ ಟೀಚರ ಒಳ್ಳೆಯ ಮಂಡಿ

ಡ್ರಿಲ್ ಟೀಚರಿಗೆ ಅಡ್ಡಹೆಸರು ಇರಲಿಲ್ಲ. ಇಟ್ಟು ನೋಡೋಣ ಎಂಬ ಧೈರ್ಯ ಯಾವ ಮಗುವಿಗೂ ಬರಲಿಲ್ಲ, ಅಷ್ಟೆ. ಕುಳ್ಳಗೆ ಗುಂಡಗಿನ ಹೆಂಗಸು; ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್‌ವಾಸ್ ಶೂ. ಮೈದಾನದ ಕಟ್ಟೆ ಹತ್ತಿ ಒಮ್ಮೆ ಸೀಟಿ ಊದಿದರೆ ಮಕ್ಕಳಿರಲಿ, ಕಾಂಪೌಂಡಿನಾಚೆ ಹೋಗುತ್ತಿದ್ದ ಸೈಕಲ್ಲಿನವರೂ ಬ್ರೇಕು ಹಾಕುತ್ತಿದ್ದರು.

ಕಟ್ಟೆಯ ಮೇಲೆ ನಿಲ್ಲುವವರಿಗೆ ಒಂದು ತಾಪತ್ರಯವಿದೆ. ಮಕ್ಕಳಿಗೆ ಮುಖ ಮಾಡಿ ನಿಲ್ಲಬೇಕು, ಮಕ್ಕಳು ಅವರನ್ನು ನೋಡಿಕೊಂಡೇ ಕೈಕಾಲು ಆಡಿಸಬೇಕು. ಟೀಚರು ಬಲಗೈ ಎತ್ತಿದರೆ ಎದುರಿನ ಪುಟಾಣಿಗಳು ಆ ಪಕ್ಕದ ಕೈಯನ್ನೇ, ಅಂದರೆ ತಮ್ಮ ಎಡಗೈಯನ್ನು ಎತ್ತುತ್ತವೆ. ಅದಕ್ಕೇ ಬಾಯಲ್ಲಿ "ಬಲಗೈ ಮೇಲೆ!" ಎನ್ನುತ್ತ ತಮ್ಮ ಎಡಗೈ ಎತ್ತುವುದನ್ನು ಟೀಚರು ಕೆಲಸಕ್ಕೆ ಸೇರಿದ ಹೊಸತರಲ್ಲೇ ರೂಢಿ ಮಾಡಿಕೊಂಡರು. ಮಕ್ಕಳು ಒಮ್ಮೆಯೂ ಕೈ ತಪ್ಪಲಿಲ್ಲ. ತಪ್ಪಿದ್ದು ಟೀಚರೇ. ವರ್ಷಗಳು ಉರುಳಿದಂತೆ, ಯಾರೇ ಎದುರಿಗೆ ಬಂದರೂ ಟೀಚರ ಬಾಯಲ್ಲಿ ತಮ್ಮ ಎಡ ಬಲವಾಗುತ್ತಿತ್ತು, ಬಲ ಎಡವಾಗುತ್ತಿತ್ತು. ಒಲೆಯ ಮೇಲಿನ ಪಾತ್ರೆ ತಗುಲಿ ಎಡಗೈ ಸುಟ್ಟಾಗ "ರೀ, ಬಲಗೈ ಸುಟ್ಕೊಂಡೆ" ಎಂದು ಗಂಡನ ಮುಂದೆ ಕೈ ಚಾಚಿದರು. ಗಂಡ ಎಡಗೈಗೆ ಮುಲಾಮು ಹಚ್ಚಿದರು. ಇಬ್ಬರಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗಂಡನದು ಕನ್ನಡಕದ ಅಂಗಡಿ. ಕಣ್ಣಿಗೆ ಕಂಡದ್ದನ್ನು ನಂಬುವುದು ಅವರ ಕಸುಬು, ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದು ಹವ್ಯಾಸ.

ಹೀಗಿರುವಾಗ ಒಂದು ದಿನ ಮಕ್ಕಳಿಗೆ ಕುಪ್ಪಳಿಸುವುದು ಹೇಗೆಂದು ತೋರಿಸಲು ಹೋಗಿ ಟೀಚರ ಎಡ ಮಂಡಿಯಲ್ಲಿ ಏನೋ ಕಟಕ್ಕೆಂದಿತು. ಸಂಜೆಯ ಹೊತ್ತಿಗೆ ಮಂಡಿ ಊದಿ ತೆಂಗಿನಕಾಯಿಯಂತಾಯಿತು. ಒಳಗಿನ ಮೆತ್ತೆ ಹರಿದಿದೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದರು. ಸಣ್ಣ ಆಪರೇಷನ್, ಸ್ವಲ್ಪ ದಿನದ ವಿಶ್ರಾಂತಿ, ಆಮೇಲೆ ಮತ್ತೆ ಕಟ್ಟೆ ಹತ್ತಬಹುದು ಎಂದು ಎಲ್ಲರೂ ಸಮಾಧಾನ ಮಾಡಿದರು.

ಆಸ್ಪತ್ರೆಯ ಮೂಳೆ ಡಾಕ್ಟರು ಕೆಟ್ಟವರೇನಲ್ಲ. ಅವರ ಕೋಣೆಯ ಹೊರಗೆ ಕೈಕಾಲು ಮುರಿದುಕೊಂಡವರು ಗೋಡೆಯುದ್ದಕ್ಕೂ ಕೂತಿದ್ದರು, ಮೇಜಿನ ಮೇಲೆ ಫೋನು ಗುಂಯ್‌ಗುಡುತ್ತಿತ್ತು, ಡಾಕ್ಟರ ಕಣ್ಣು ಕಂಪ್ಯೂಟರಿಗೆ ಅಂಟಿಕೊಂಡಿತ್ತು. ಗಂಡ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತ ಇನ್ನೂ ರಸ್ತೆಯಲ್ಲೇ ಇದ್ದರು. ಟೀಚರು ಒಬ್ಬರೇ ಕುರ್ಚಿಯಲ್ಲಿ ಡಾಕ್ಟರಿಗೆ ಎದುರಾಗಿ ಕೂತರು.

"ಯಾವ ಮಂಡಿ ಅಮ್ಮಾ?"

"ಇದೇ ಡಾಕ್ಟ್ರೇ, ಬಲ ಮಂಡಿ" ಎಂದು ಟೀಚರು ಎಡ ಮಂಡಿಯನ್ನು ತಟ್ಟಿ ತೋರಿಸಿದರು.

ಡಾಕ್ಟರು "ಬಲ" ಎಂದು ಕಂಪ್ಯೂಟರಿಗೆ ಕುಟ್ಟಿದರು. ಸ್ಕ್ಯಾನಿನ ದೊಡ್ಡ ಕವರು ಬಿಚ್ಚದೆ ಮೇಜಿನ ಮೇಲೇ ಮಲಗಿತ್ತು. ಆಪರೇಷನ್ ದಿನ ನರ್ಸಮ್ಮ ಎದುರಿಗೆ ನಿಂತು "ಬಲ ಮಂಡಿ ಅಲ್ವಾ?" ಎಂದಳು. ಟೀಚರು ಭಯದಲ್ಲಿ "ಹೂಂ" ಎಂದರು. ಹೊದಿಕೆ ಸರಿಸಿ ನೋಡುವ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ.

ಎಚ್ಚರವಾದಾಗ ಮೊದಲು ಕಂಡದ್ದು ಗಂಡನ ಮುಖ. ಅವರು ಹೆಂಡತಿಯ ಬಲಗಾಲಿನ ಬ್ಯಾಂಡೇಜನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಅಯ್ಯೋ, ಇದು ಒಳ್ಳೇ ಮಂಡಿ ಕಣೇ!"

ಆಸ್ಪತ್ರೆಯವರು ಮೊದಲು ಬಲ ಮಂಡಿಯೂ ಸವೆದಿತ್ತು, ಅದನ್ನು ಚೊಕ್ಕಟ ಮಾಡಿದ್ದೇವೆ ಎಂದರು. ಗಂಡ ಕೂಗಾಡಿದ ಮೇಲೆ ರಾಗ ಬದಲಾಯಿತು: ಎಲ್ಲೂ ದೂರು ಕೊಡುವುದಿಲ್ಲವೆಂದು ಸಹಿ ಹಾಕಿದರೆ ಎಡ ಮಂಡಿಯನ್ನು ಬಿಟ್ಟಿಯಾಗಿ ಮಾಡಿಕೊಡುತ್ತಾರಂತೆ.

"ಒಂದು ಕೊಂಡ್ರೆ ಇನ್ನೊಂದು ಉಚಿತವಾ? ಇದೇನು ಚಪ್ಪಲಿ ಅಂಗಡೀನಾ?" ಎಂದು ಗಂಡ ಹೆಂಡತಿಯನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಹೊರಟೇಬಿಟ್ಟರು.

ಬಲ ಮಂಡಿ ಮಡಚಲು ಒಲ್ಲೆ ಎನ್ನುತ್ತಿತ್ತು, ಎಡ ಮಂಡಿ ಮೊದಲಿನಂತೆಯೇ ಉರಿಯುತ್ತಿತ್ತು. ಟೀಚರು ಶಾಲೆಗೆ ಹೋಗಿ ಕಟ್ಟೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಸೀಟಿ ಊದಿದರು. ಮಕ್ಕಳು ನಗಲಿಲ್ಲ. ಟೀಚರಿಗೆ ಅದೇ ತಡೆಯಲಾಗಲಿಲ್ಲ. ಮನೆಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತರು.

ವಕೀಲರನ್ನು ಹುಡುಕಬೇಕಾಗಲಿಲ್ಲ, ಅವರೇ ಓಡಿ ಬಂದರು. ಟೀಚರ ಹಳೆಯ ವಿದ್ಯಾರ್ಥಿ. ಶಾಲೆಯಲ್ಲಿದ್ದಷ್ಟು ದಿನವೂ ಡ್ರಿಲ್ ಪಿರಿಯಡ್ಡಿಗೆ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂರುತ್ತಿದ್ದ ಆಸಾಮಿ. ಕರಿ ಕೋಟು ಹಾಕಿ ಎಷ್ಟು ವರ್ಷವಾದರೂ ಊರವರ ಬಾಯಲ್ಲಿ 'ಹೊಟ್ಟೆನೋವು ವಕೀಲ'ನಾಗಿಯೇ ಉಳಿದಿದ್ದ. ಟೀಚರ ಮನೆಯ ಹಜಾರದಲ್ಲಿ ಕೂರಲು ಹೇಳಿದರೂ ಕೂರದೆ, ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ನಿಂತ.

"ರೋಗಿ ಅಂದ್ರೆ ಬಾಯಿ ಮುಚ್ಕೊಂಡು ಮಲಗೋ ಸಾಮಾನಲ್ಲ ಟೀಚರ್. ಏನು ಮಾಡ್ತೀವಿ, ಎಲ್ಲಿ ಮಾಡ್ತೀವಿ ಅಂತ ನಿಮಗೆ ತಿಳಿಸಿ ಹೇಳ್ಬೇಕು. ಕೊಯ್ಯೋಕೆ ಮುಂಚೆ ಮಂಡಿ ಮೇಲೆ ಪೆನ್ನಲ್ಲಿ ಗುರುತು ಹಾಕ್ಬೇಕು. ನಿಮ್ಮ ಫೈಲು ನೀವು ಕೇಳಿದ್ರೆ ಕೊಡ್ಬೇಕು. ಇದೆಲ್ಲ ಅವರು ಮಾಡೋ ಉಪಕಾರ ಅಲ್ಲ, ನಿಮ್ಮ ಹಕ್ಕು."

"ಇಷ್ಟೆಲ್ಲ ಯಾವಾಗ ಕಲಿತ್ಯೋ?"

"ಡ್ರಿಲ್ ತಪ್ಪಿಸ್ಕೊಂಡು ಲೈಬ್ರರೀಲಿ ಕೂತಿದ್ನಲ್ಲ ಟೀಚರ್, ಆವಾಗ."

ರೋಗಿಗಳ ದೂರು ಕೇಳುವ ಆಯೋಗಕ್ಕೆ ದೂರು ಹೋಯಿತು. ಆಸ್ಪತ್ರೆಯಿಂದ ಉತ್ತರವೂ ಬಂತು. ಹೊಟ್ಟೆನೋವು ವಕೀಲ ಅದನ್ನು ಓದಿ ಬಿದ್ದು ಬಿದ್ದು ನಕ್ಕ.

"ನೀವೇ 'ಬಲ ಮಂಡಿ' ಅಂದ್ರಂತೆ ಟೀಚರ್! ಊರಿಗೆಲ್ಲ ಎಡ-ಬಲ ಕಲಿಸಿದೋರು ನೀವು! ಇಂಥ ಸುಳ್ಳು ಹೇಳೋಕೆ ಎಷ್ಟು ಧೈರ್ಯ ಇವರಿಗೆ? ನಿಜ ಆಗಿದ್ದಿದ್ರೆ ನಮಗೆ ಕಷ್ಟ ಆಗ್ತಿತ್ತು, ತಪ್ಪೆಲ್ಲ ನಮ್ಮ ತಲೆಗೇ ಕಟ್ತಿದ್ರು. ನೀವು 'ಇಲ್ಲ' ಅಂತ ಒಂದು ಮಾತು ಹೇಳಿ ಸಾಕು, ನಾನು ಅವರ ಬೆವರಿಳಿಸ್ತೀನಿ."

ಟೀಚರಿಗೆ ಡಾಕ್ಟರ ಎದುರಿನ ಕುರ್ಚಿ, ಮಂಡಿ ತಟ್ಟಿದ ತಮ್ಮ ಕೈ, ತಮ್ಮದೇ ದನಿಯಲ್ಲಿ "ಬಲ" ಎಂದದ್ದು, ಎಲ್ಲವೂ ನಿಚ್ಚಳವಾಗಿ ನೆನಪಾಯಿತು. ಹೇಳಿದ್ದು ನಿಜ. ತಮ್ಮ ಒಳ್ಳೆಯ ಮಂಡಿಯನ್ನು ತಾವೇ ಕೈಯಾರೆ ಒಪ್ಪಿಸಿ ಬಂದಿದ್ದರು. ಬಾಯಿ ತೆರೆದರು, ಹೊಟ್ಟೆನೋವಿನ ಮುಖದಲ್ಲಿದ್ದ ಹುರುಪು ನೋಡಿ ಮುಚ್ಚಿಕೊಂಡರು.

ಅಲ್ಲಿಂದ ಮುಂದೆ ಗಂಡನ ಕಾಟ. ಅವರ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರ ಗದ್ದ ಯಂತ್ರದ ಮೇಲಿರುತ್ತಿತ್ತು, ಅಲುಗಾಡುವಂತಿರಲಿಲ್ಲ. ಆ ಬಡಪಾಯಿಗಳ ಕಿವಿಗೆ ಗಂಡ ಡಾಕ್ಟರ ಸುಳ್ಳಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ತುಂಬಿಯೇ ಕಳಿಸುತ್ತಿದ್ದರು. "ನನ್ನ ಹೆಂಡ್ತಿ, ಎಡ-ಬಲ ತಪ್ಪೋದಾ? ಮೇಲಿನ ಸಾಲು ಓದಿ." ಇಡೀ ಬೀದಿಯೇ ಡಾಕ್ಟರನ್ನು ಸುಳ್ಳುಗಾರನೆಂದು ತೀರ್ಮಾನಿಸಿತು. ಟೀಚರು ಪೇಚಿಗೆ ಸಿಕ್ಕಿಕೊಂಡರು. 'ಹೌದು' ಎಂದರೆ ಕೇಸು ಹೋಯಿತು, ಮಂಡಿಯೂ ಹೋಯಿತು, ಮತ್ತೆಂದೂ ಕಟ್ಟೆ ಹತ್ತುವಂತಿಲ್ಲ. 'ಇಲ್ಲ' ಎಂದರೆ ಆ ಡಾಕ್ಟರು ಜೀವನಪೂರ್ತಿ ಸುಳ್ಳುಗಾರ. ಎಷ್ಟೋ ಮಕ್ಕಳ ಸುಳ್ಳು ಹೊಟ್ಟೆನೋವನ್ನು ಹಿಡಿದುಹಾಕಿದ ತಾವು ಈಗ ಯಾವ ನೋವು ಹಿಡಿದುಕೊಂಡು ಕೂರಬೇಕೋ ತಿಳಿಯಲಿಲ್ಲ.

ವಿಚಾರಣೆಯ ದಿನ ಬಂತು. ಆಯೋಗವೆಂದರೆ ದೊಡ್ಡ ದರ್ಬಾರೇನೂ ಅಲ್ಲ. ಕಿರುಗುಟ್ಟುವ ಫ್ಯಾನು, ಉದ್ದ ಬೆಂಚುಗಳು, ಮೂಲೆಯಲ್ಲಿ ಕುಡಿಯುವ ನೀರಿನ ಡ್ರಮ್ಮು. ಅಧ್ಯಕ್ಷೆ ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಸರಿಮಾಡಿಕೊಡಬೇಕೆಂದು ಗಂಡನ ಕೈ ತುರಿಸುತ್ತಿತ್ತು. ಡಾಕ್ಟರು ಎದುರು ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆಸ್ಪತ್ರೆಯ ವಕೀಲರು ಎದ್ದು ಟೀಚರ ಮುಂದೆ ನಿಂತರು.

"ಯಾವ ಮಂಡಿ ಅಂತ ಡಾಕ್ಟ್ರು ಕೇಳಿದಾಗ 'ಬಲ' ಅಂದ್ರೋ ಇಲ್ವೋ? ಒಂದೇ ಮಾತಲ್ಲಿ ಹೇಳಿ."

ಟೀಚರು ಹೊಟ್ಟೆನೋವಿನ ಕಡೆ ನೋಡಿದರು. ಅವನು 'ಹೇಳಿ ಟೀಚರ್' ಎಂಬಂತೆ ತಲೆಯಾಡಿಸಿದ. 'ಇಲ್ಲ' ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅಂದೆ" ಎಂದರು ಟೀಚರು.

ಹೊಟ್ಟೆನೋವಿನ ಕೈಯಿಂದ ಪೆನ್ನು ಬಿತ್ತು. ಗಂಡನ ತೆರೆದ ಬಾಯಿ ತೆರೆದೇ ಇತ್ತು. ಆಸ್ಪತ್ರೆಯ ವಕೀಲರು ಇನ್ನೇನೂ ಕೇಳುವುದಿಲ್ಲವೆಂದು ಹೇಳಿ ಮೀಸೆಯಲ್ಲೇ ನಗುತ್ತ ಕೂರಲು ಹೊರಟರು.

"ಯಾಕಮ್ಮ ಹಾಗಂದ್ರಿ? ನಿಮ್ಮ ಕಾಲು ನಿಮಗೇ ಗೊತ್ತಿರಲಿಲ್ವಾ?" ಎಂದು ಅಧ್ಯಕ್ಷೆ ಕೇಳಿದರು.

ಟೀಚರು ಹೇಳಹೊರಟರು. ಎದುರಿದ್ದವರ ಬಲ, ತಮ್ಮ ಎಡ, ಮಕ್ಕಳ ಎಡ, ತಮ್ಮ ಬಲ ಎಂದು ಮಾತು ಗೋಜಲಾಗಿ ಅವರಿಗೇ ಸಿಟ್ಟು ಬಂತು. ಕೋಲೂರಿ ಎದ್ದು ನಿಂತರು. "ಎಲ್ಲಾ ಎದ್ದೇಳಿ!" ಎಂದು ಗುಡುಗಿದರು. "ಬಲಗೈ ಮೇಲೆ!"

ಹೊಟ್ಟೆನೋವು ಹುಟ್ಟಿದಾಗಿನಿಂದ ಅಷ್ಟು ಚುರುಕಾಗಿ ಕೈ ಎತ್ತಿರಲಿಲ್ಲ. ಟೈಪಿಸ್ಟು ಎತ್ತಿದಳು, ಬಾಗಿಲ ಕಾವಲಿನವನು ಎತ್ತಿದ, ಕೂರುತ್ತಿದ್ದ ಆಸ್ಪತ್ರೆಯ ವಕೀಲರು ಅರ್ಧ ಕೂತಲ್ಲೇ ಎತ್ತಿದರು, ಡಾಕ್ಟರೂ ಎತ್ತಿದರು. ಪೆನ್ನು ಹಿಡಿದಿದ್ದ ಅಧ್ಯಕ್ಷೆಯ ಕೈ ಭುಜದವರೆಗೆ ಏರಿದ ಮೇಲೆ ಅವರಿಗೆ ತಾವು ಯಾರೆಂಬುದು ನೆನಪಾಯಿತು. ಎಲ್ಲರದೂ ಬಲಗೈ. ಟೀಚರದು ಮಾತ್ರ ಎಡಗೈ.

"ಅದು ನನ್ನ ಬಾಯಿ ಮೇಡಂ, ಇದು ನನ್ನ ಕೈ. ಎದುರಿಗೆ ಜನ ಇದ್ರೆ ಎರಡಕ್ಕೂ ತಾಳೆ ಆಗಲ್ಲ. ಅವತ್ತೂ ಬಾಯಲ್ಲಿ ಬಲ ಅಂದು ಎಡ ಮಂಡಿ ತಟ್ಟಿ ತೋರಿಸ್ದೆ. ಡಾಕ್ಟ್ರು ಸುಳ್ಳು ಹೇಳಿಲ್ಲ. ತಪ್ಪು ನಂದೇ ಇರ್ಬೇಕು."

ಅಧ್ಯಕ್ಷೆ ಕನ್ನಡಕವನ್ನು ಮೇಲೇರಿಸಿ ಡಾಕ್ಟರ ಕಡೆ ತಿರುಗಿದರು. "ಇವರು ಬಲ ಅಂದಾಗ ಇವರ ಕೈ ಎಲ್ಲಿತ್ತು ಡಾಕ್ಟ್ರೇ?"

"ನೋಡಲಿಲ್ಲ ಮೇಡಂ. ಕಂಪ್ಯೂಟರ್ ಕಡೆ ನೋಡ್ತಿದ್ದೆ."

"ಸ್ಕ್ಯಾನು?"

"ನೋಡಲಿಲ್ಲ."

"ಮಂಡಿ? ಊದಿದ್ದ ಮಂಡೀನಾದ್ರೂ?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

"ನೋವಲ್ಲಿರೋರು ಏನಾದ್ರೂ ಹೇಳ್ತಾರಪ್ಪ" ಎಂದರು ಅಧ್ಯಕ್ಷೆ. "ಭಯಕ್ಕೆ ತಮ್ಮ ಹೆಸರನ್ನೇ ತಪ್ಪು ಹೇಳೋರಿದ್ದಾರೆ. ತಪ್ಪು ಹೇಳೋ ಹಕ್ಕೂ ರೋಗಿಗಿದೆ. ನೋಡದೆ ಕೊಯ್ಯೋ ಹಕ್ಕು ನಿಮಗಿಲ್ಲ. ಅವರ ಮಾತು ನಿಮಗೆ ಗುರಾಣಿ ಆಗಲ್ಲ."

ತೀರ್ಪು ಟೀಚರ ಕಡೆಗಾಯಿತು. ಅವರಿಗೆ ಇಷ್ಟ ಬಂದ ಕಡೆ ಎರಡೂ ಮಂಡಿಗೆ ಚಿಕಿತ್ಸೆ ಆಗಬೇಕು, ಆಸ್ಪತ್ರೆಯೇ ಅದರ ಖರ್ಚು ಭರಿಸಬೇಕು, ಅನುಭವಿಸಿದ ನೋವಿಗೆ ಪರಿಹಾರ ಬೇರೆ. ಹೊಟ್ಟೆನೋವು ಹೊರಗೆ ಬಂದವನೇ ಇದೆಲ್ಲ ತನ್ನ ಯೋಜನೆಯೇ ಆಗಿತ್ತೆಂದು ಟೈಪಿಸ್ಟಿಗೆ ವಿವರಿಸತೊಡಗಿದ. ಗಂಡ ಸ್ಕೂಟರ್ ತರಲು ಹೋದರು. ಟೀಚರು ವರಾಂಡದ ಬೆಂಚಿನಲ್ಲಿ ಎರಡು ಕಾಲನ್ನೂ ನೀಡಿ ಕೂತರು. ಇಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿದು ಮೈ ಹಗುರಾಗಿತ್ತು, ಅಳುವೂ ಬರುತ್ತಿತ್ತು.

ಡಾಕ್ಟರು ಹತ್ತಿರ ಬಂದರು. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನ ಚಿಂತೆ ಬಿಟ್ಟು ಟೀಚರ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು.

"ನೋಡ್ಲಾ?" ಎಂದರು.

ಟೀಚರು ಬಟ್ಟೆಯನ್ನು ಮಂಡಿಯವರೆಗೆ ಸರಿಸಿದರು. ಡಾಕ್ಟರು ಎಡ ಮಂಡಿಯ ಮೇಲೆ ಅಂಗೈ ಇಟ್ಟು, ಊತದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಟೀಚರು "ಸ್ಸ್" ಎಂದರು. ಆಮೇಲೆ ಡಾಕ್ಟರು ಬಲ ಮಂಡಿಯ ಮೇಲಿನ ಗಾಯದ ಗುರುತನ್ನು ನೋಡಿದರು; ಕೈ ಹಿಂದಕ್ಕೆ ತೆಗೆದುಕೊಂಡರು.

"ಮುಟ್ಟಿದ್ರೇನೇ ಗೊತ್ತಾಗುತ್ತೆ" ಎಂದರು ಡಾಕ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಹೂಂ" ಎಂದರು ಟೀಚರು.

ಸ್ಕೂಟರ್ ತಂದ ಗಂಡ ದೂರದಿಂದಲೇ ಇದನ್ನು ನೋಡಿ ಮೂಗು ಕೆಂಪಗೆ ಮಾಡಿಕೊಂಡಿದ್ದರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು.

"ಅಷ್ಟೆಲ್ಲಾ ಆದ್ಮೇಲೂ ಕ್ಷಮಿಸಿಬಿಟ್ಯಾ ಅವರನ್ನ?"

"ಕ್ಷಮಿಸ್ಲಿಲ್ಲ ರೀ" ಎಂದರು ಟೀಚರು. "ಮಂಡಿ ತೋರಿಸ್ದೆ."