ಎಸಿ ಕೋಣೆಯ ಆಕ್ಸೊಲಾಟಲ್

ಎಸಿ ರಿಪೇರಿಗೆ ಕಾಕ್ಸ್‌ಟೌನಿನ ಆ ಫ್ಲ್ಯಾಟಿಗೆ ಹೋದಾಗ ಯಜಮಾನರು ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಬೆವರುತ್ತಾ ಕೂತಿದ್ದರು.

"ಎಸಿ ನನಗಲ್ಲರೀ, ಅದಕ್ಕ," ಎಂದು ಒಳಕೋಣೆ ತೋರಿಸಿದರು.

ಅಲ್ಲಿ ಗಾಜಿನ ತೊಟ್ಟಿಯಲ್ಲಿ ಬೆರಳುದ್ದದ ಆಕ್ಸೊಲಾಟಲ್ ಮರಿಯಿತ್ತು. ಮೀನಿಗೆ ಕಾಲು ಬಂದ ಹಾಗೆ, ಕತ್ತಿನ ಸುತ್ತ ಗುಲಾಬಿ ಕುಚ್ಚು, ಮುಖದಲ್ಲಿ ಸದಾ ನಗು. ನೀರು ಬಿಸಿಯಾದರೆ ಅದು ಬದುಕುವುದಿಲ್ಲವಂತೆ.

ನಾನು ಎಸಿ ಬಿಚ್ಚುವಷ್ಟರಲ್ಲಿ ಅವರ ಹೆಂಡತಿ ಫ್ರಿಜ್‌ನಲ್ಲಿ ಮೊಸರಿನ ಪಕ್ಕದಲ್ಲಿದ್ದ ಡಬ್ಬಿ ತಂದರು. ಒಳಗೆ ಎರೆಹುಳ. ಸಣ್ಣ ತುಂಡನ್ನು ಚಿಮಟದಲ್ಲಿ ಹಿಡಿದು, "ಆ ಅನ್ನು, ಬಂಗಾರಾ" ಎಂದರು. ಮರಿ ಗಬಕ್ಕನೆ ನುಂಗಿತು.

ಯಜಮಾನರಿಗೆ ತಡೆಯಲಾಗಲಿಲ್ಲ. "ನೋಡ್ರಿ, ಇಷ್ಟು ವರ್ಷದಾಗ ಈ ಮನ್ಯಾಗ ನನಗೊಂದು ತತ್ತಿ ತರಾಕ ಬಿಟ್ಟಿಲ್ಲ ಈಕಿ. ಇದಕ್ಕ ಫ್ರಿಜ್‌ನ್ಯಾಗ ಹುಳಾ!"

"ಅದು ಕೂಸು ರೀ," ಎಂದರು ಆಕೆ, ತಿರುಗಿಯೂ ನೋಡದೆ.

ಎಸಿ ಸರಿಹೋಯಿತು. ಲಿಫ್ಟಿನವರೆಗೂ ಬಂದ ಯಜಮಾನರು ಮೆಲ್ಲಗೆ, "ಇಲ್ಲೆ ಸಮೀಪ ಆಮ್ಲೆಟ್ ಎಲ್ಲಿ ಚಲೋ ಸಿಗ್ತದ?" ಎಂದು ಕೇಳಿದರು. ನನ್ನ ಬೈಕಿನಲ್ಲೇ ಬಾಣಸವಾಡಿಯ ತಳ್ಳುಗಾಡಿಗೆ ಕರೆದೊಯ್ದೆ. ತಟ್ಟೆ ಬಂದ ಮೇಲೂ ಅವರು ತಿನ್ನದೆ, ಅಪ್ಪಣೆಗೆ ಕಾಯುವವರಂತೆ ನನ್ನ ಮುಖ ನೋಡುತ್ತಾ ನಿಂತರು.

"ಆ ಅನ್ನಿ" ಎನ್ನುವಷ್ಟು ಸಲಿಗೆ ನನಗಿರಲಿಲ್ಲ.