ಗೌರಜ್ಜಿ ಜಗ್ಗಿ ನೋಡಿದ ಜಾಯಿಂಟ್

ನಂಬಲ್ಲ ಅಂದ್ರೆ ಬಿಡ್ರಿ, ಆದರೆ ಹಿರೇಗುಂಟನೂರಿನ ಸುತ್ತ ನನ್ನಂಗೆ ವೈರು ಹೊಸೆಯೋನು ಇನ್ನೊಬ್ಬ ಇಲ್ಲ. ಎರಡು ತುದಿ ಸುಲಿದು, ತಿರುಚಿ, ಮೇಲೆ ಟೇಪು ಸುತ್ತಿದೆ ಅಂದ್ರೆ ಮುಗೀತು.

ಅದೇ ಧೈರ್ಯದಲ್ಲಿ ಭರಮಸಾಗರಕ್ಕೆ ಹೋಗಿ, ಹೂ ಮಾರೋ ಗೌರಜ್ಜಿಯ ಹೊಸ ಮನೆಯ ವೈರಿಂಗ್ ಕೇಳಿದೆ. ಇಡೀ ಮನೆಯ ಕೆಲಸ, ಬೇರೆಯವರ ಪಾಲಾಗಬಾರದು.

"ಒಂದು ಜಾಯಿಂಟ್ ಮಾಡಿ ತೋರ್ಸಪ್ಪ," ಅಂದಳು ಅಜ್ಜಿ. ಮಾಡಿಕೊಟ್ಟೆ. ಮಾಲೆಯ ಗಂಟು ಪರೀಕ್ಷೆ ಮಾಡೋ ಹಂಗೆ ಎರಡೂ ಕಡೆ ಹಿಡಿದು ಜಗ್ಗಿದಳು. ಬಿಚ್ಚಿಕೊಂಡಿತು.

"ಟೇಪು ಹಳೇದು ಅಜ್ಜಿ."

"ಲೇ, ಟೇಪು ನಂಬ್ಕೊಂಡು ಮನೇಲಿ ಮಲಗಾಕಾಗ್ತೈತೇನೋ?"

ಒಳಗಿಂದ ಒಂದು ಡಬ್ಬಿ ತಂದಳು. ಅದರ ತುಂಬ ವೈರು ಜೋಡಿಸೋ, ಪುಟ್ಟ ಲಿವರ್ ಇರೋ ಕನೆಕ್ಟರುಗಳು. ಹೆಂಗೆ ಹಾಕಬೇಕು ಅಂತ ಅಂಗಡಿಯವನು ತೋರಿಸಿಕೊಟ್ಟಿದ್ದನಂತೆ. ಎರಡು ವೈರು ತೂರಿಸಿ, ಲಿವರ್ ಒತ್ತಿ, "ಈಗ ನೀನು ಎಳಿ," ಅಂದಳು. ಉಸಿರು ಬಿಗಿಹಿಡಿದು ಎಳೆದೆ. ಅಲ್ಲಾಡಲಿಲ್ಲ.

"ಇದರಾಗೆ ಕೈಚಳಕ ಏನೈತೆ ಅಜ್ಜಿ? ಯಾರು ಬೇಕಾದ್ರೂ ಹಾಕ್ತಾರೆ," ಅಂದುಬಿಟ್ಟೆ.

"ಹೌದಲ್ಲ? ಹಂಗಾದ್ರೆ ನಾನೇ ಹಾಕ್ತೀನಿ ಬಿಡು."

ಮನೆಯ ಅಷ್ಟೂ ಕನೆಕ್ಟರನ್ನು ಅಜ್ಜಿಯೇ ಹಾಕಿದಳು. ನನಗೆ ಕೊಟ್ಟಿದ್ದು ಪೈಪಿನೊಳಗೆ ವೈರು ಎಳೆದು, ತುದಿ ಸುಲಿದು, ಅವಳ ಕೈಗೆ ಕೊಡೋ ಕೆಲಸ.